ಬಾಳಿನ ಏಳಿಗೆ ಮತ್ತು ನೆಲದ ಋಣ

ಮನುಷ್ಯನ ಬಾಳು ಹಸನಾಗುವುದು ಯಾವುದರಿಂದ ಎಂಬ ಪ್ರಶ್ನೆಯನ್ನು ಕಠೋಪನಿಷತ್ತು ಪ್ರೇಯಸ್ಸು ಮತ್ತು ಶ್ರೇಯಸ್ಸು ಎಂಬ ಎರಡು ದಾರಿಗಳಾಗಿ ವಿಂಗಡಿಸುತ್ತದೆ. ಆ ಹೊತ್ತಿಗೆ ಹಿತವೆನಿಸುವುದು ಪ್ರೇಯಸ್ಸು. ಕೊನೆಯವರೆಗೂ ಒಳಿತನ್ನು ಉಂಟುಮಾಡುವುದು ಶ್ರೇಯಸ್ಸು. ಈ ವಿವೇಚನೆಯನ್ನು ಒಬ್ಬ ವ್ಯಕ್ತಿಯ ಆಸೆ ಮತ್ತು ಸಂಯಮಗಳ ಮಟ್ಟಿಗೆ ನಿಲ್ಲಿಸುವುದು ವಾಡಿಕೆಯಾದರೂ, ಒಬ್ಬನ ಏಳಿಗೆ ಇನ್ನೊಬ್ಬನು ಬಿಟ್ಟುಕೊಟ್ಟ ನೆಲದ ಮೇಲೆ ನಿಂತಿರಬಹುದು ಎಂಬ ಸಂಗತಿ ಆಗ ವಿಚಾರದ ಹೊರಗೇ ಉಳಿಯುತ್ತದೆ. ನವಿಮುಂಬಯಿಯ ಕಾಮೋಠೆಯಲ್ಲಿ ಈ ಮಾತು ಅಕ್ಷರಶಃ ನಿಜವಾಗಿದೆ.

ಮಹಾರಾಷ್ಟ್ರ ಸರ್ಕಾರವು 1970ರಲ್ಲಿ ಸಿಡ್ಕೋ ಎಂಬ ನಗರ ನಿರ್ಮಾಣ ನಿಗಮವನ್ನು ಸ್ಥಾಪಿಸಿ, ಠಾಣೆ, ಪನವೇಲ್, ಉರಣ್ ತಾಲ್ಲೂಕುಗಳ 95 ಹಳ್ಳಿಗಳ ವ್ಯಾಪ್ತಿಯಲ್ಲಿ ಹೊಸ ನಗರವನ್ನು ಕಟ್ಟಲು ಹೊರಟಾಗ, ಭತ್ತ ಬೆಳೆದು, ಉಪ್ಪು ತೆಗೆದು, ಮೀನು ಹಿಡಿದು ಬದುಕುತ್ತಿದ್ದ ಆಗ್ರಿ ಮತ್ತು ಕೋಳಿ ಸಮುದಾಯಗಳ ನೆಲ ಸ್ವಾಧೀನಕ್ಕೆ ಒಳಗಾಯಿತು. ಪರಿಹಾರ ಸಾಲದೆಂದು ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ನಡೆದ ಚಳವಳಿಯ ಮೇಲೆ 1984ರ ಜನವರಿಯಲ್ಲಿ ಜಾಸಯಿ ಪರಿಸರದಲ್ಲಿ ಪೊಲೀಸರು ಗುಂಡು ಹಾರಿಸಿದ್ದರಿಂದ ಐವರು ಪ್ರಾಣ ತೆತ್ತರು. ಈ ಹೋರಾಟದ ಫಲವಾಗಿ ಬಂದದ್ದೇ ಜನರ ಬಾಯಲ್ಲಿ 'ಸಾಡೆಬಾರಾ ಟಕ್ಕೆ' ಎನಿಸಿಕೊಂಡ ಯೋಜನೆ; ಅದರ ಪ್ರಕಾರ ಸ್ವಾಧೀನವಾದ ಜಮೀನಿನ ಶೇಕಡ 12.5ರಷ್ಟನ್ನು ಅಭಿವೃದ್ಧಿಪಡಿಸಿದ ನಿವೇಶನವಾಗಿ ಮೂಲ ಒಡೆಯರಿಗೆ ಹಿಂತಿರುಗಿಸಲಾಗುತ್ತದೆ. ಒಂದು ಎಕರೆ, ಎಂದರೆ 40 ಗುಂಟೆ ಕಳೆದುಕೊಂಡವನ ಪಾಲು 5 ಗುಂಟೆ. ಅದರಲ್ಲಿಯೂ ಸಾರ್ವಜನಿಕ ಸೌಕರ್ಯಗಳಿಗೆಂದು ಮುರಿದುಕೊಂಡ ಮೇಲೆ ಕೈಗೆ ಬರುವುದು ಮೂರೂವರೆ ಗುಂಟೆ. ಕಾಮೋಠೆಯ ಅನೇಕ ವಸತಿ ಕಟ್ಟಡಗಳು ಎದ್ದಿರುವುದು ಇಂಥ ನಿವೇಶನಗಳ ಮೇಲೆಯೇ. ಮುಂಬಯಿಯ ಬಾಡಿಗೆ ಮನೆಗಳಲ್ಲಿ ಬಾಳು ಸವೆಸಿ, ಕೊನೆಗೆ ಸ್ವಂತದ್ದೊಂದು ಸೂರಿಗಾಗಿ ನವಿಮುಂಬಯಿಗೆ ಬಂದ ಕನ್ನಡಿಗರ ನೆಲೆಯೂ ಇಂಥ ನೆಲವೇ ಆಗಿದೆ.

ಇಲ್ಲೊಂದು ಆಕ್ಷೇಪಕ್ಕೆ ಎಡೆಯಿದೆ. ಫ್ಲ್ಯಾಟು ಕೊಂಡವನು ಯಾರನ್ನೂ ಒಕ್ಕಲೆಬ್ಬಿಸಿದವನಲ್ಲ. ಬ್ಯಾಂಕಿನ ಸಾಲ ಮಾಡಿ ಪೂರ್ತಿ ಬೆಲೆ ತೆತ್ತಿರುವಾಗ ಅವನ ತಲೆಯ ಮೇಲೆ ಇನ್ನಾವ ಹೊರೆಯನ್ನು ಹೊರಿಸುವುದು ನ್ಯಾಯ? ಈ ಆಕ್ಷೇಪ ಅಪರಾಧದ ಮಟ್ಟಿಗೆ ಸರಿಯಾದುದೇ. ಆದರೆ ಅಪರಾಧ ಬೇರೆ, ಋಣ ಬೇರೆ. ಮನುಷ್ಯನು ದೇವತೆಗಳು, ಋಷಿಗಳು, ಪಿತೃಗಳು ಮತ್ತು ಸಹಮಾನವರು ಎಂಬ ನಾಲ್ವರಿಗೆ ಋಣಿಯಾಗಿಯೇ ಹುಟ್ಟುತ್ತಾನೆಂದು ಶತಪಥ ಬ್ರಾಹ್ಮಣವು ಹೇಳುವಾಗ, ಅಲ್ಲಿ ಯಾರ ತಪ್ಪಿನ ಪ್ರಸ್ತಾಪವೂ ಇಲ್ಲ; ತಾನು ದುಡಿದು ಗಳಿಸದ ಎಷ್ಟೋ ಸಂಗತಿಗಳ ಆಸರೆಯಲ್ಲಿ ಬಾಳು ನಡೆಯುತ್ತದೆ ಎಂಬ ಅರಿವಷ್ಟೇ ಇದೆ. ಕ್ರಯಪತ್ರವು ಮಾರಿದವನ ಮತ್ತು ಕೊಂಡವನ ನಡುವಣ ಲೆಕ್ಕವನ್ನು ಚುಕ್ತಾ ಮಾಡುತ್ತದೆ. ಆ ಗದ್ದೆಯಲ್ಲಿ ನಾಟಿಗೆ ಬರುತ್ತಿದ್ದ ಕೂಲಿಯವಳ, ಪಕ್ಕದ ಅಳಿವೆಯಲ್ಲಿ ಬಲೆ ಬೀಸುತ್ತಿದ್ದ ಕೋಳಿ ಸಮುದಾಯದವನ ನಷ್ಟಕ್ಕೆ ಅದರಲ್ಲಿ ಕಲಮು ಇರುವುದಿಲ್ಲ.

ಹೀಗೆ ಉಳಿದ ಋಣವನ್ನು ತೀರಿಸುವ ಬಗೆಯನ್ನು ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಕಾಯಕ ಮತ್ತು ದಾಸೋಹಗಳ ಜೋಡಿಯಲ್ಲಿ ತೋರಿಸಿಕೊಟ್ಟಿದ್ದಾರೆ. ಕಾಯಕವೆಂದರೆ ಪ್ರಾಮಾಣಿಕವಾದ ದುಡಿಮೆ. ದಾಸೋಹವೆಂದರೆ ಆ ದುಡಿಮೆಯ ಫಲವನ್ನು ಕೊಡುವವನೆಂಬ ಹಮ್ಮಿಲ್ಲದೆ ಸಮುದಾಯಕ್ಕೆ ಸಲ್ಲಿಸುವುದು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನು ತನ್ನದಲ್ಲದ್ದನ್ನು ಸಲ್ಲಬೇಕಾದಲ್ಲಿಗೆ ಸಲ್ಲಿಸುತ್ತಾನೆ. ಮುಂಬಯಿಯ ಕನ್ನಡಿಗರಿಗೆ ಇದು ಹೊಸತೇನಲ್ಲ. ಕರಾವಳಿಯ ಮೀನುಗಾರರು 1902ರಲ್ಲಿ ಕಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರು ಪಾಠ ಕಲಿತು ಮೇಲೆ ಬಂದರು. ತಮಗೆ ಕಲಿಸಿದವರಿಗೆ ಹಿಂತಿರುಗಿಸಲಾಗದ್ದನ್ನು ಮುಂದಿನವರಿಗೆ ಕೊಡುವುದೇ ಅಲ್ಲಿ ಋಣ ತೀರಿಸುವ ದಾರಿಯಾಗಿತ್ತು. ಆದರೆ ಆ ಹರಿವು ಬಹುಮಟ್ಟಿಗೆ ತನ್ನ ಭಾಷೆಯ, ತನ್ನ ಜಾತಿಯ ಜನರ ನಡುವೆಯೇ ಸಾಗಿತು. ಕಾಮೋಠೆಯ ನೆಲ ಕೇಳುವುದು ಆ ಎಲ್ಲೆಯನ್ನು ದಾಟುವುದನ್ನು. ಗಾವಠಾಣದ, ಎಂದರೆ ಹಳೆಯ ಊರಿನ ಜನರನ್ನು ನಗರದ ಅಂಚಿಗೆ ಉಳಿದವರೆಂದಲ್ಲದೆ ಆತಿಥೇಯರೆಂದು ಕಾಣುವುದು, ಅವರ ಮಾತನ್ನು ಕಲಿಯುವುದು, ಕನ್ನಡ ಸಂಘಗಳ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಅವರ ಮಕ್ಕಳಿಗೂ ಜಾಗ ಕೊಡುವುದು, ಅಳಿವೆಯ ಕಾಂಡ್ಲಾ ಕಾಡಿಗೆ ಕಟ್ಟಡದ ಮಣ್ಣು ಬಂದು ಬೀಳದಂತೆ ದನಿಯೆತ್ತುವುದು ಇಂಥ ದಾಸೋಹದ ರೂಪಗಳು.

ಋಣದ ಭಾಷೆಗೆ ಒಂದು ಅಪಾಯವೂ ಇದೆ. ಉಪ್ಪುಂಡ ಮನೆಯ ಹಂಗನ್ನು ನೆನಪಿಸಿಯೇ ಧಣಿಗಳು ಜೀತದಾಳುಗಳನ್ನು ತಲೆಮಾರುಗಳ ಕಾಲ ಕಟ್ಟಿಹಾಕಿದ್ದುಂಟು. ಆದ್ದರಿಂದ ಋಣವನ್ನು ಎಣಿಸಬೇಕಾದವನು ಪಡೆದವನೇ ಹೊರತು ಕೊಟ್ಟವನಲ್ಲ; ಬಲವುಳ್ಳವನು ತನ್ನ ಬಾಕಿಯನ್ನು ತಾನೇ ಒಪ್ಪಿಕೊಂಡಾಗ ಮಾತ್ರ ಅದು ಧರ್ಮ, ದುರ್ಬಲನ ಮೇಲೆ ಹೇರಿದಾಗ ಅದು ದಬ್ಬಾಳಿಕೆ. ಸೂರು, ನೀರು, ಆಸ್ಪತ್ರೆ, ರೈಲು ಇವೆಲ್ಲ ಬಾಳಿಗೆ ಬೇಕೇ ಬೇಕು, ಅವನ್ನು ಬರಿಯ ಪ್ರೇಯಸ್ಸೆಂದು ತಳ್ಳಿಹಾಕುವುದು ಉಂಡವರ ವೈರಾಗ್ಯವಾದೀತು. ತನ್ನ ಏಳಿಗೆಗೆ ಎಡೆಮಾಡಿಕೊಟ್ಟವರ ಏಳಿಗೆಯನ್ನೂ ಮನುಷ್ಯನು ತನ್ನ ಹೊಣೆಯೆಂದು ಬಗೆದಾಗ, ಇದೇ ಸೌಕರ್ಯಗಳು ಶ್ರೇಯಸ್ಸಿನ ಸಾಧನಗಳಾಗುತ್ತವೆ.