ಮಾರಿದ ನಾಯಿ ಮನೆಗೆ ಬಂದಾಗ: ‘ಲ್ಯಾಸಿ ಕಮ್ ಹೋಮ್’

‘ಲ್ಯಾಸಿ ಕಮ್ ಹೋಮ್’ 1943ರ ಅಕ್ಟೋಬರ್‌ನಲ್ಲಿ ತೆರೆಕಂಡ ಹಾಲಿವುಡ್ ಚಿತ್ರ. ಎಂಜಿಎಂ ಸಂಸ್ಥೆ ಟೆಕ್ನಿಕಲರ್ ಎಂಬ ವರ್ಣತಂತ್ರದಲ್ಲಿ ತಯಾರಿಸಿದ ಈ 89 ನಿಮಿಷಗಳ ಚಿತ್ರ ನಿರ್ದೇಶಕ ಫ್ರೆಡ್ ಎಂ. ವಿಲ್ಕಾಕ್ಸ್ ಅವರ ಮೊದಲ ಕಥಾಚಿತ್ರವೂ ಹೌದು. ಹುಡುಗ ಮತ್ತು ನಾಯಿಯ ಒಲುಮೆಯ ಕಥೆಯೆಂದೇ ಇದಕ್ಕೆ ಹೆಸರು. ಆದರೆ ಕಥೆ ಹುಟ್ಟುವುದು ಒಂದು ವ್ಯಾಪಾರದಿಂದ. ಕೆಲಸ ಕಳೆದುಕೊಂಡ ಅಪ್ಪ ಮನೆಯ ನಾಯಿಯನ್ನು ಮಾರುತ್ತಾನೆ. ಮಾರಿದ್ದನ್ನು ಮರಳಿ ಕೇಳುವುದು ಮರ್ಯಾದೆಯಲ್ಲ ಎಂಬುದು ಮನೆಯವರ ನಿಲುವು. ಈ ಲೆಕ್ಕ ಅರ್ಥವಾಗದಿರುವುದು ನಾಯಿಗೆ ಮಾತ್ರ.

ಮೂಲ ಕಥೆಯನ್ನು ಬರೆದವರು ಎರಿಕ್ ನೈಟ್. 1897ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಮೆನ್‌ಸ್ಟನ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಗಿರಣಿ ಕೆಲಸಕ್ಕೆ ಸೇರಿ, ಹರೆಯದಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದವರು. ಊರು ಬಿಟ್ಟರೂ ಅವರ ಬರಹ ಯಾರ್ಕ್‌ಷೈರನ್ನು ಬಿಡಲಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಲ್ಲಿನ ಕಲ್ಲಿದ್ದಲು ಗಣಿಗಳು ಒಂದೊಂದಾಗಿ ಮುಚ್ಚಿ, ಸರ್ಕಾರದ ನಿರುದ್ಯೋಗ ಭತ್ಯೆಯ ಮೇಲೆ ಇಡೀ ಊರುಗಳೇ ದಿನ ದೂಡುತ್ತಿದ್ದವು. ನೈಟ್ ಅವರ ಸಣ್ಣಕಥೆ 1938ರಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಬಂತು. 1940ರಲ್ಲಿ ಅದೇ ಕಾದಂಬರಿಯಾಯಿತು. ಅಮೆರಿಕದ ಸೈನ್ಯದಲ್ಲಿ ಮೇಜರ್ ಆಗಿದ್ದ ನೈಟ್ 1943ರ ಜನವರಿಯಲ್ಲಿ, ಇಂದು ಸುರಿನಾಮ್ ಎನಿಸಿಕೊಂಡಿರುವ ಡಚ್ ಗಯಾನಾದಲ್ಲಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗಿನ್ನೂ ಚಿತ್ರ ಬಿಡುಗಡೆಯಾಗಿರಲಿಲ್ಲ. ಅದನ್ನು ಅವರ ನೆನಪಿಗೇ ಅರ್ಪಿಸಲಾಯಿತು.

ಚಿತ್ರದಲ್ಲಿ ಆ ಅಪ್ಪ ಸ್ಯಾಮ್ ಕ್ಯಾರಕ್ಲಫ್, ಅವನ ಮಗ ಜೋ. ಮನೆಯಲ್ಲಿರುವುದು ಲ್ಯಾಸಿ ಎಂಬ ಕೋಲಿ ನಾಯಿ. ಕೋಲಿ ಎಂದರೆ ಸ್ಕಾಟ್ಲೆಂಡಿನ ಕಡೆ ಕುರಿ ಕಾಯಲು ಬೆಳೆಸಿದ, ಉದ್ದ ಮೂತಿಯ, ದಟ್ಟ ಕೂದಲಿನ ತಳಿ. ದಿನವೂ ಸಂಜೆ ನಾಲ್ಕಕ್ಕೆ ಶಾಲೆ ಬಿಡುವ ಹೊತ್ತಿಗೆ ಲ್ಯಾಸಿ ಅಲ್ಲಿ ಹಾಜರಿರುತ್ತದೆ. ಅದು ಹೊರಡುವುದನ್ನು ನೋಡಿ ಗಂಟೆ ಎಷ್ಟಾಯಿತೆಂದು ಹೇಳಬಹುದು, ಅಷ್ಟು ಕರಾರುವಾಕ್ಕು. ಒಂದು ದಿನ ಜೋ ಹೊರಬಂದಾಗ ನಾಯಿ ಇಲ್ಲ. ಮನೆಗೆ ಓಡಿದರೆ ಅಪ್ಪ ಅಮ್ಮ ಮುಖ ಕೊಟ್ಟು ಮಾತಾಡುವುದಿಲ್ಲ. ರಡ್ಲಿಂಗ್‌ನ ಡ್ಯೂಕ್‌ ಎಂಬ ಸಿರಿವಂತ ಜಮೀನ್ದಾರನಿಗೆ ಅದನ್ನು ಮಾರಿಯಾಗಿದೆ.

ಚಿತ್ರದ ಗಟ್ಟಿ ಭಾಗ ಇಲ್ಲಿಂದ ಶುರು. ಡ್ಯೂಕ್‌ನ ನಾಯಿದೊಡ್ಡಿಯಿಂದ ಲ್ಯಾಸಿ ತಪ್ಪಿಸಿಕೊಂಡು, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಹುಡುಗನಿಗೆ ಹಿಗ್ಗು, ಅಪ್ಪನಿಗೆ ಸಂಕಟ. ದುಡ್ಡು ಆಗಲೇ ಮನೆಯ ಒಲೆಗೆ ಸೇರಿದೆ, ಆದ್ದರಿಂದ ನಾಯಿ ತಿರುಗಿ ಹೋಗಲೇಬೇಕು. ಮತ್ತೆ ಓಡಿಬರುತ್ತದೆ, ಮತ್ತೆ ಒಪ್ಪಿಸುತ್ತಾರೆ. ಇನ್ನು ಮನೆಗೆ ಬರಬೇಡ ಎಂದು ನಾಯಿಗೆ ಹೇಳುವ ಕೆಲಸ ಹುಡುಗನ ಪಾಲಿಗೇ ಬರುತ್ತದೆ, ಏಕೆಂದರೆ ಅದು ಕೇಳುವುದು ಅವನ ಮಾತನ್ನು ಮಾತ್ರ. ದೊಡ್ಡವರು ಮಾಡಿದ ವ್ಯಾಪಾರವನ್ನು ಉಳಿಸಿಕೊಡಬೇಕಾದವನು ಹೀಗೆ ಆ ಪುಟ್ಟ ಹುಡುಗನಾಗುತ್ತಾನೆ. ಜೋ ಆಗಿ ನಟಿಸಿದ ರಾಡಿ ಮೆಕ್‌ಡೊವೆಲ್ ಲಂಡನ್ನಿನ ಹುಡುಗ. ಯುದ್ಧಕಾಲದಲ್ಲಿ, 1940ರಲ್ಲಿ, ಅಮೆರಿಕ ಸೇರಿದವನು. ಅಪ್ಪನ ಪಾತ್ರದ ಡೊನಾಲ್ಡ್ ಕ್ರಿಸ್ಪ್ 1941ರ ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’ಯಲ್ಲೂ ಅವನ ತಂದೆಯಾಗಿದ್ದವರು. ಇಬ್ಬರ ನಡುವೆ ಮಾತಿಗಿಂತ ಮೌನವೇ ಹೆಚ್ಚಿರುವ ದೃಶ್ಯಗಳು ನಿಲ್ಲುವುದು ಬಹುಶಃ ಆ ಒಡನಾಟದಿಂದ. ಎಲ್ಸಾ ಲ್ಯಾಂಚೆಸ್ಟರ್ ಅಮ್ಮನ ಪಾತ್ರ ವಹಿಸಿದ್ದಾರೆ. ಮಗನನ್ನು ಗದರುವ ಈ ತಾಯಿಯ ದನಿಯಲ್ಲಿ ಇರುವುದು ಸಿಟ್ಟಿಗಿಂತ ಹೆಚ್ಚಾಗಿ ಬಡತನದ ನಾಚಿಕೆ.

ಡ್ಯೂಕ್ ನಾಯಿಯನ್ನು ದೂರದ ಸ್ಕಾಟ್ಲೆಂಡಿಗೆ ಸಾಗಿಸುತ್ತಾನೆ. ಅಲ್ಲಿ ಬಾಗಿಲು ಮುಚ್ಚಬೇಕಾದ ಗಳಿಗೆಯಲ್ಲಿ ಅದನ್ನು ತೆರೆದು ಲ್ಯಾಸಿಯನ್ನು ಹೊರಗೆ ಬಿಡುವವಳು ಅವನ ಮೊಮ್ಮಗಳು ಪ್ರಿಸಿಲ್ಲಾ. ಆ ಪಾತ್ರದಲ್ಲಿರುವ ಪುಟ್ಟ ಹುಡುಗಿಯೇ ಮುಂದೆ ಜಗತ್ತಿಗೆಲ್ಲ ಗೊತ್ತಾದ ಎಲಿಜಬೆತ್ ಟೇಲರ್. ನಂತರದ ನೂರಾರು ಮೈಲಿಯ ದಾರಿಯಲ್ಲಿ ನದಿ, ಬಿರುಗಾಳಿ, ಕುರಿಗಾಹಿಗಳ ಗುಂಡು ಎಲ್ಲವೂ ಬರುತ್ತವೆ. ಇವು ಸಾಹಸಚಿತ್ರಗಳ ಮಾಮೂಲಿ ಸರಕು. ನೆನಪಿನಲ್ಲಿ ಉಳಿಯುವುದು ನಡುವಿನ ಎರಡು ತಂಗುದಾಣಗಳು.

ಮೊದಲನೆಯದು ಫ್ಯಾಡನ್ ಎಂಬ ಮುದಿ ದಂಪತಿಯ ಮನೆ. ಈ ಪಾತ್ರಗಳನ್ನು ಮಾಡಿದ ಡೇಮ್ ಮೇ ವಿಟ್ಟಿ ಮತ್ತು ಬೆನ್ ವೆಬ್‌ಸ್ಟರ್ ನಿಜಜೀವನದಲ್ಲೂ ಗಂಡ ಹೆಂಡತಿ. ಮಗನಿಲ್ಲದ ಆ ಮನೆಯಲ್ಲಿ ಲ್ಯಾಸಿ ಚೇತರಿಸಿಕೊಳ್ಳುತ್ತದೆ. ಆದರೆ ದಿನವೂ ಸಂಜೆ ನಾಲ್ಕಾಗುತ್ತಲೇ ಅದಕ್ಕೆ ಚಡಪಡಿಕೆ. ಈ ನಾಯಿ ಎಲ್ಲಿಗೋ ಹೋಗುವ ದಾರಿಯಲ್ಲಿದೆ, ತಮ್ಮ ಮೇಲಿನ ಮಮತೆಯಿಂದಷ್ಟೇ ಇಲ್ಲಿ ನಿಂತಿದೆ ಎಂಬುದು ಅಜ್ಜಿಗೆ ಹೊಳೆಯುತ್ತದೆ. ಬಾಗಿಲು ತೆಗೆದು ಕಳಿಸಿಕೊಡುತ್ತಾಳೆ. ಎರಡನೆಯದು ಊರೂರು ಸುತ್ತಿ ಪಾತ್ರೆಪಗಡ ಮಾರುವ ರೌಲಿಯ ಗಾಡಿ. ಎಡ್ಮಂಡ್ ಗ್ವೆನ್ ನಟಿಸಿದ ಈ ಒಂಟಿ ವ್ಯಾಪಾರಿಯ ಜೊತೆಗಾತಿ ಟೂಟ್ಸ್ ಎಂಬ ಚಿಕ್ಕ ನಾಯಿ. ಎರಿಕ್ ನೈಟ್ ಸಾಕಿದ್ದ ಕೋಲಿಯ ಹೆಸರೂ ಟೂಟ್ಸ್ ಎಂದೇ. ದರೋಡೆಕೋರರ ಕೈಯಲ್ಲಿ ಟೂಟ್ಸ್ ಸತ್ತ ಮೇಲೆ ರೌಲಿಗೆ ಲ್ಯಾಸಿಯೇ ಆಸರೆಯಾಗಬಹುದಿತ್ತು. ಆದರೂ ಅವನು ತಡೆಯುವುದಿಲ್ಲ. ಹಣ ಕೊಟ್ಟವನು ನಾಯಿಯನ್ನು ಕಟ್ಟಿಹಾಕಿದ. ಅನ್ನ ಹಾಕಿದವರು ಬಿಟ್ಟುಕೊಟ್ಟರು. ಚಿತ್ರ ಇದನ್ನು ಬಾಯಿಬಿಟ್ಟು ಹೇಳದಿರುವುದು ಅದರ ಹೆಚ್ಚುಗಾರಿಕೆ.

ಮೈಯೆಲ್ಲ ಗಾಯವಾಗಿ, ಕುಂಟುತ್ತಾ ಲ್ಯಾಸಿ ಊರು ಸೇರುತ್ತದೆ. ಆದರೂ ವ್ಯಾಪಾರದ ಗಂಟು ಬಿಚ್ಚಿಲ್ಲ. ಕಾನೂನಿನ ಪ್ರಕಾರ ನಾಯಿ ಡ್ಯೂಕ್‌ನದೇ. ಗಂಟನ್ನು ಬಿಚ್ಚುವುದು ಒಂದು ಸುಳ್ಳು. ಮನೆಗೆ ಬಂದ ಡ್ಯೂಕ್ ನಾಯಿಯನ್ನು ನೋಡಿಯೂ ಇದು ತನ್ನದಲ್ಲ ಎಂದುಬಿಡುತ್ತಾನೆ. ಸ್ಯಾಮ್‌ಗೆ ತನ್ನ ನಾಯಿಗಳ ಮೇಲ್ವಿಚಾರಣೆಯ ಕೆಲಸವನ್ನೂ ಕೊಡುತ್ತಾನೆ. ಪ್ರಾಮಾಣಿಕತೆಯನ್ನೇ ನೆಚ್ಚಿದ ಕಥೆ ಉದಾರವಾದ ಸುಳ್ಳೊಂದರಿಂದ ದಡ ಸೇರುತ್ತದೆ. ಉಳ್ಳವನ ಮನಸ್ಸು ಕರಗಿದ್ದರಿಂದಷ್ಟೇ ಈ ಕಥೆ ಸುಖಾಂತ್ಯ; ಕೆಲಸ ಕಳೆದುಕೊಂಡ ಉಳಿದವರ ಪಾಡು ಹಾಗೇ ಉಳಿಯಿತು. ಕುಟುಂಬಸಮೇತ ನೋಡುವ ಚಿತ್ರಕ್ಕೆ ಅದನ್ನು ಮುಟ್ಟುವ ಉದ್ದೇಶವೂ ಇರಲಿಲ್ಲ.

ಲ್ಯಾಸಿ ಹೆಣ್ಣು ನಾಯಿ. ಆ ಪಾತ್ರದಲ್ಲಿ ನಟಿಸಿದ ಪಾಲ್ ಎಂಬ ನಾಯಿ ಗಂಡು. ಹೆಣ್ಣು ಕೋಲಿಗಳು ಬೇಸಿಗೆಯಲ್ಲಿ ಕೂದಲು ಉದುರಿಸಿಕೊಂಡು ಬಡಕಲಾಗಿ ಕಾಣುತ್ತವೆ. ಗಂಡಿನ ಮೈ ತುಂಬಿಕೊಂಡೇ ಇರುತ್ತದೆ, ಗಾತ್ರವೂ ಹೆಚ್ಚು. 1940ರಲ್ಲಿ ಹುಟ್ಟಿದ ಪಾಲ್‌ಗೆ ಮೋಟಾರ್‌ಸೈಕಲ್ ಕಂಡರೆ ಅಟ್ಟಿಸಿಕೊಂಡು ಹೋಗುವ ಚಟ. ಅದನ್ನು ಬಿಡಿಸಲೆಂದು ಯಜಮಾನ ತರಬೇತುದಾರ ರಡ್ ವೆದರ್‌ವ್ಯಾಕ್ಸ್ ಬಳಿಗೆ ಕರೆತಂದ. ಕೊನೆಗೆ, ಕೊಡಬೇಕಿದ್ದ 10 ಡಾಲರ್ ಬಾಕಿಗೆ ನಾಯಿಯನ್ನೇ ಬಿಟ್ಟುಕೊಟ್ಟ ಎಂಬುದು ಪ್ರಚಲಿತ ವೃತ್ತಾಂತ. ತೆರೆಯ ಮೇಲಿನ ಕಥೆಯಂತೆ ಇಲ್ಲೂ ನಾಯಿ ಕೈ ಬದಲಾಯಿಸಿದ್ದು ಹಣದ ಲೆಕ್ಕದಲ್ಲೇ. ಮೊದಲು ಪಾತ್ರಕ್ಕೆ ಆರಿಸಿದ್ದು ಬೇರೆ ನಾಯಿಯನ್ನು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕಿನ್ ನದಿಯ ಪ್ರವಾಹದಲ್ಲಿ ಪಾಲ್ ಈಜಿ, ದಡ ಹತ್ತಿ, ಬಳಲಿ ಕುಸಿದು ಮಲಗಿದ ರೀತಿ ನೋಡಿ ಪೂರ್ಣ ಪಾತ್ರ ಅದಕ್ಕೇ ದಕ್ಕಿತು. ಲಿಯೊನಾರ್ಡ್ ಸ್ಮಿತ್ ಅವರ ವರ್ಣ ಛಾಯಾಗ್ರಹಣ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

1951ರವರೆಗೆ ಎಂಜಿಎಂ ಪಾಲ್‌ನನ್ನು ಹಾಕಿಕೊಂಡು ಒಟ್ಟು 7 ಚಿತ್ರ ತೆಗೆಯಿತು. ಆಮೇಲೆ ಬಾಕಿ ಸಂಬಳಕ್ಕೆ ಬದಲಾಗಿ ವೆದರ್‌ವ್ಯಾಕ್ಸ್ ಲ್ಯಾಸಿ ಎಂಬ ಹೆಸರಿನ ಹಕ್ಕನ್ನೇ ಪಡೆದರು. 1954ರಿಂದ 1973ರವರೆಗೆ ನಡೆದ ಟಿವಿ ಧಾರಾವಾಹಿಯಲ್ಲಿ ಪಾಲ್‌ನ ಸಂತತಿ ಲ್ಯಾಸಿಯಾಯಿತು. ಅಲ್ಲಿ ಲ್ಯಾಸಿ ಅಮೆರಿಕದ ಹೊಲಮನೆಗೆ ಹೋಗಿ, ಅಪಾಯದಲ್ಲಿ ಸಿಕ್ಕವರನ್ನು ಕಾಪಾಡುವ ಜಾಣ ನಾಯಿಯಾಯಿತು. ನಿರುದ್ಯೋಗದ ಮಾತು ಮರೆಯಾಯಿತು. ಮೂಲ ಚಿತ್ರವನ್ನು 1993ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿಗೆ ಸೇರಿಸಲಾಯಿತು. 2005ರಲ್ಲಿ ಚಾರ್ಲ್ಸ್ ಸ್ಟರಿಡ್ಜ್ ಹೊಸದಾಗಿ ತೆಗೆದ ‘ಲ್ಯಾಸಿ’ ಮುಚ್ಚುವ ಗಣಿಯನ್ನು ಕಥೆಗೆ ಮರಳಿ ತಂದಿತು. ಡ್ಯೂಕ್ ಆಗಿ ಪೀಟರ್ ಒ’ಟೂಲ್ ನಟಿಸಿದರು.

ನಾಯಿಯ ದೂರಪ್ರಯಾಣವನ್ನು ಕನ್ನಡ ತೆರೆಗೆ ತಂದದ್ದು 2022ರ ಜೂನ್‌ನಲ್ಲಿ ಬಂದ ಕಿರಣ್‌ರಾಜ್ ಕೆ. ನಿರ್ದೇಶನದ ‘777 ಚಾರ್ಲಿ’. ಅದರಲ್ಲಿ ನಾಯಿಯ ಜೊತೆಗಾರ ಮಗುವಲ್ಲ, ರಕ್ಷಿತ್ ಶೆಟ್ಟಿ ನಟಿಸಿದ ಧರ್ಮ ಎಂಬ ಒಂಟಿ ಕಾರ್ಖಾನೆ ನೌಕರ; ಅಕ್ಕಪಕ್ಕದ ಪುಟ್ಟ ಹುಡುಗಿಯದು ಸಣ್ಣ ಪಾತ್ರ. ಲ್ಯಾಸಿ ಒಂಟಿಯಾಗಿ ದಕ್ಷಿಣಕ್ಕೆ ನಡೆದು ಮನೆ ಸೇರಿದರೆ, ಚಾರ್ಲಿಯನ್ನು ಧರ್ಮ ಬೈಕಿನ ಪಕ್ಕದ ತೊಟ್ಟಿಲಲ್ಲಿ ಕೂರಿಸಿಕೊಂಡು ಹಿಮ ತೋರಿಸಲು ಉತ್ತರಕ್ಕೆ ಹೊರಡುತ್ತಾನೆ. ವ್ಯಾಪಾರ ಅಲ್ಲೂ ಕಥೆಯ ಬುಡದಲ್ಲಿದೆ, ಆದರೆ ಬಗೆ ಬೇರೆ. ಸ್ಯಾಮ್ ಹೊಟ್ಟೆಪಾಡಿಗೆ ಒಂದು ನಾಯಿಯನ್ನು ಮಾರಿದ. ಚಾರ್ಲಿ ತಪ್ಪಿಸಿಕೊಂಡು ಬಂದದ್ದು ಲಾಭಕ್ಕಾಗಿ ನಾಯಿಗಳನ್ನು ಹೆರಿಸುತ್ತಲೇ ಇರುವ ಕಳ್ಳದಂಧೆಯ ಗೂಡಿನಿಂದ, ಒಂದೇ ರಕ್ತದ ನಾಯಿಗಳನ್ನು ಕೂಡಿಸಿದ್ದರ ಫಲವಾದ ಕ್ಯಾನ್ಸರನ್ನು ಮೈಯಲ್ಲಿ ಹೊತ್ತುಕೊಂಡು.