ನಮ, ಎಂಕುಲು

ತುಳುವಿನಲ್ಲಿ 'ನಾವು' ಎನ್ನಲು ಎರಡು ಪದಗಳಿವೆ. ಕೇಳುತ್ತಿರುವವರನ್ನೂ ಸೇರಿಸಿಕೊಂಡರೆ 'ನಮ', ಅವರನ್ನು ಬಿಟ್ಟು ಹೇಳುವುದಾದರೆ 'ಎಂಕುಲು'. ಅಂಬಲಪಾಡಿಯ ತುಳು ಮನೆಗಳಲ್ಲಿ ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ಕನ್ನಡದಲ್ಲಿ ಎರಡಕ್ಕೂ ಒಂದೇ 'ನಾವು'. ಭಾರತ ಗೆದ್ದ ರಾತ್ರಿ ಪಟಾಕಿ ಹೊಡೆದು 'ನಾವು ಗೆದ್ದೆವು' ಎಂದು ಕೂಗುವಾಗ ಇದು ಬಹಳ ಅನುಕೂಲದ ಪದ.

2012ರಲ್ಲಿ ಪಾಟ್ನಾದಲ್ಲಿ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದ ತಂಡದ ನಾಯಕಿ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ. ಆ ಗೆಲುವಿನ ಬಗ್ಗೆ 'ಎಂಕುಲು' ಎನ್ನುವ ಹಕ್ಕು ಅವರಿಗಿದೆ. ಉಸಿರು ಕಟ್ಟಿ ರೈಡಿಗೆ ಹೋದವರು ಅವರು, ನಾವು ಕುರ್ಚಿಯಲ್ಲಿದ್ದೆವು.

ಹಾಗೆಂದು 'ನಮ' ಪೂರ್ತಿ ಸುಳ್ಳೂ ಅಲ್ಲ. ಶಾಲೆಯ ಅಂಗಳ, ಕೊಯ್ಲು ಮುಗಿದ ಗದ್ದೆ, ರಾತ್ರಿ ಪಂದ್ಯಾಟಕ್ಕೆ ದೇಣಿಗೆ ಕೊಡುವ ಅಂಗಡಿಯವರು, ಇವೆಲ್ಲ ಇಲ್ಲದೆ ನಮ್ಮ ಕಡೆ ಕಬಡ್ಡಿ ಇಲ್ಲ. ನನ್ನ ತಕರಾರು ಬೇರೆ. 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲಿನಲ್ಲಿ ನಮ್ಮ ಮಹಿಳೆಯರು ಇರಾನನ್ನು 31-21ರಿಂದ ಮಣಿಸಿದಾಗ 'ಗೆದ್ದೆವು' ಎಂದ ನಾವೇ, 2018ರಲ್ಲಿ ಜಕಾರ್ತದಲ್ಲಿ 24-27ರಿಂದ ಅದೇ ಇರಾನಿನ ಎದುರು 'ಸೋತರು' ಎಂದೆವು. (ನಾನೂ ಹಾಗೇ ಅಂದಿದ್ದೆ.)

2025ರ ಜನವರಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದು ಬಂದ ಕರ್ನಾಟಕದ ಚೈತ್ರಾ ಮತ್ತು ಗೌತಮ್, ರಾಜ್ಯ ಸರ್ಕಾರ ಘೋಷಿಸಿದ ತಲಾ 5 ಲಕ್ಷ ರೂಪಾಯಿಯನ್ನು ಬೇಡವೆಂದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿ ಮತ್ತು ಸರ್ಕಾರಿ ನೌಕರಿ ಘೋಷಿಸಿತ್ತು. ಗೆದ್ದ ರಾತ್ರಿ 'ನಾವು ವಿಶ್ವ ಚಾಂಪಿಯನ್ನರು' ಎಂದು ಸ್ಟೇಟಸ್ ಹಾಕಿದ್ದ ಗೆಳೆಯನೊಬ್ಬ ಸುದ್ದಿ ಓದಿ ಹೇಳಿದ: "ಇವರಿಗೆ ಎಷ್ಟು ಕೊಟ್ಟರೂ ಸಾಲದು ಮಾರಾಯ."