ಒಂದೇ ಎಳೆಯ ನಡಿಗೆ

ಮೈಮೇಲಿನ ಬನಿಯನ್ನನ್ನು ಭೂತಗನ್ನಡಿ ಹಿಡಿದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೋ. ಐವತ್ತು ದಾಟುವವರೆಗೆ ನಾನಂತೂ ನೋಡಿರಲಿಲ್ಲ. ಅಂಗಿಯೂ ಹತ್ತಿ, ಬನಿಯನ್ನೂ ಹತ್ತಿ. ಆದರೂ ಅಂಗಿಯನ್ನು ಎಳೆದರೆ ಬಿಗಿದು ನಿಲ್ಲುತ್ತದೆ. ಬನಿಯನ್ ಹಿಗ್ಗುತ್ತದೆ, ಬಿಟ್ಟರೆ ಮತ್ತೆ ಮೈಗೆ ಬಂದು ಕೂರುತ್ತದೆ. ಹತ್ತಿಯ ನೂಲಿಗೆ ರಬ್ಬರಿನ ಗುಣವೇನೂ ಇಲ್ಲ. ಆ ಹಿಗ್ಗು ಬರುವುದು ನೂಲು ಸಾಗಿದ ದಾರಿಯಿಂದ. ಮಗ್ಗದ ಬಟ್ಟೆಯಲ್ಲಿ ಹಾಸು ಹೊಕ್ಕುಗಳು ನೇರವಾಗಿ ಒಂದನ್ನೊಂದು ದಾಟುತ್ತವೆ. ಬನಿಯನ್ನಿನಲ್ಲಿ ಎಳೆ ಬಾಗಿ ಕುಣಿಕೆಯಾಗುತ್ತದೆ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ, ಅದರೊಳಗಿಂದ ಮತ್ತೊಂದು. ಎಳೆದಾಗ ನೂಲು ಇದ್ದಷ್ಟೇ ಇರುತ್ತದೆ, ಬಾಗಿದ್ದ ಕುಣಿಕೆಗಳು ತುಸು ನೇರವಾಗುತ್ತವೆ, ಅಷ್ಟೇ.

ಇಷ್ಟನ್ನು ಯಾವುದಾದರೂ ಪುಸ್ತಕದಲ್ಲಿ ಓದಿದ್ದರೆ ತಲೆಯಾಡಿಸಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಎರಡು ಕಡ್ಡಿ, ಒಂದು ಉಲ್ಲನ್ ಉಂಡೆ ಕೈಗೆ ಬಂದ ಮೇಲೆಯೇ ಅದು ಸೋಜಿಗವಾದದ್ದು.

ಕಲಿಸಿದವರು ಪಕ್ಕದ ಮನೆಯ ಅಕ್ಕ. ಸ್ವೆಟರ್ ಹಾಕುವವರ ಬಾಯಲ್ಲಿ ಇರುವುದು ಎರಡೇ ಮಾತು: ಸೀದಾ, ಉಲ್ಟಾ. ಸೀದಾ ಹಾಕಿದರೆ ಮುಂದೆ ಕಾಲು ಕೂಡಿಸಿಕೊಂಡ ಸಣ್ಣ ಸಣ್ಣ ಗೆರೆಜೋಡಿಗಳು ಕಾಣುತ್ತವೆ, ಉಲ್ಟಾ ಹಾಕಿದರೆ ಅಡ್ಡಡ್ಡ ಉಬ್ಬು. ಇವೆರಡೂ ಬೇರೆ ಬೇರೆ ವಿದ್ಯೆ ಎಂದೇ ಎಷ್ಟೋ ದಿನ ಹೆಣೆಯುತ್ತಿದ್ದೆ. ತುಂಡನ್ನು ಮಗುಚಿ ನೋಡಿದಾಗ ತಿಳಿಯಿತು, ಸೀದಾದ ಬೆನ್ನೇ ಉಲ್ಟಾ. ಕುಣಿಕೆ ಒಂದೇ, ನಾವು ಯಾವ ಮಗ್ಗುಲಲ್ಲಿ ಕೂತಿದ್ದೇವೆ ಎನ್ನುವುದರ ಮೇಲೆ ಅದರ ಹೆಸರು. ಒಂದು ಸೀದಾ ಒಂದು ಉಲ್ಟಾ ಎಂದು ಹಾಕುತ್ತ ಹೋದರೆ ಬಟ್ಟೆ ತಾನಾಗಿ ಮಡಿಕೆ ಮಡಿಕೆಯಾಗಿ ಒಳಸರಿಯುತ್ತದೆ. ಸ್ವೆಟರಿನ ತೋಳಿನ ತುದಿ ಮಣಿಕಟ್ಟನ್ನು ಹಿಡಿದುಕೊಳ್ಳುವುದು ಹಾಗೆ.

ಗಂಟು ಎನ್ನುವುದೇ ಇಲ್ಲದಿರುವುದು ಇನ್ನೂ ವಿಚಿತ್ರ. ಪ್ರತಿ ಕುಣಿಕೆಯನ್ನೂ ಅದರ ಮೇಲಿನದು ಹಿಡಿದಿರುತ್ತದೆ. ಕಟ್ಟಕಡೆಯದನ್ನು ಬಿಚ್ಚಿ ಎಳೆದರೆ ಇಡೀ ಸ್ವೆಟರು ಸರಸರನೆ ನೂಲಾಗಿಬಿಡುತ್ತದೆ. ದೊಡ್ಡವನಿಗೆ ಗಿಡ್ಡವಾದ ಸ್ವೆಟರನ್ನು ಬಿಚ್ಚಿ, ನೂಲನ್ನು ನೆನೆಹಾಕಿ, ಗುಂಗುರು ಹೋಗಲೆಂದು ಭಾರ ಕಟ್ಟಿ ಒಣಗಿಸಿ ಚಿಕ್ಕವನಿಗೆ ಹೊಸದು ಹೆಣೆದವರು ನಮ್ಮ ಮನೆಗಳಲ್ಲೇ ಇದ್ದರು. ಹೊಲಿದ ಅಂಗಿಗೆ ಅಂಥ ಪುನರ್ಜನ್ಮದ ಯೋಗವಿಲ್ಲ. ಅದೇನಿದ್ದರೂ ಕೌದಿ ಸೇರಬೇಕು.

ಹೊಸ ಹವ್ಯಾಸ ಎಂದೊಡನೆ ಜನ ಅದರ ಲಾಭ ಎಣಿಸತೊಡಗುತ್ತಾರೆ. ಮನಸ್ಸು ಹಗುರವಾಗುತ್ತದಂತೆ, ಬೆರಳಿಗೆ ವ್ಯಾಯಾಮವಂತೆ, ಮರೆವು ದೂರವಂತೆ. ಆಗಲಿ, ಒಳ್ಳೆಯದೇ. ಆದರೆ ಔಷಧಿಯ ಹಾಗೆ ಹವ್ಯಾಸವನ್ನು ನುಂಗುವುದು ನನಗೆ ಒಗ್ಗುವುದಿಲ್ಲ. ಬೆರಗಿಗೆ ಲಾಭದ ಬಾಬತ್ತು ಇಲ್ಲ. ದಿನವೂ ಹಾಕಿ ಒಗೆದು ಒಣಗಿಸುವ ಬಟ್ಟೆಯೊಳಗೆ ಇಷ್ಟೆಲ್ಲ ನಡೆಯುತ್ತಿತ್ತೇ ಎಂದು ಒಮ್ಮೆ ದಂಗಾದರೆ ಅದೇ ನನಗೆ ಸಾಕು.

ದಂಗಾಗುವ ಸರದಿ ಗಣಿತದವರಿಗೂ ಬಂದಿತ್ತು. ಒಂದು ಗೆರೆ, ಅದರಾಚೆ ಒಂದು ಬಿಂದು. ಆ ಬಿಂದುವಿನ ಮೂಲಕ ಆ ಗೆರೆಗೆ ಸಮಾಂತರವಾಗಿ ಒಂದೇ ಗೆರೆ ಎಳೆಯಬಹುದು ಎಂದು ನಾವೆಲ್ಲ ಶಾಲೆಯಲ್ಲಿ ಕಲಿತೆವು. ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯದ ಲೊಬಚೆವ್‌ಸ್ಕಿ, ಹಂಗೆರಿಯ ಬೊಯಾಯ್ ಬೇರೊಂದು ಜ್ಯಾಮಿತಿಯನ್ನು ಕಂಡರು. ಅಲ್ಲಿ ಅಂಥ ಗೆರೆಗಳು ಎಣಿಕೆ ಮೀರಿ ಇರುತ್ತವೆ. ಕಾಗದದ ಮೇಲೆ ಲೆಕ್ಕ ಸರಿಹೋಯಿತು, ಕಣ್ಣಿಗೆ ತೋರಿಸುವುದು ಕಷ್ಟವಾಯಿತು. ಕಾಗದದ ತುಂಡುಗಳನ್ನು ಅಂಟಿಸಿ ಮಾಡಿದ ಮಾದರಿಗಳು ಕೈಯಾಡಿಸಿದರೆ ಹರಿಯುತ್ತಿದ್ದವು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ, ಲಾಟ್ವಿಯ ಮೂಲದ ಡೈನಾ ತೈಮಿನ್ಯಾ ಎಂಬ ಗಣಿತಜ್ಞೆ ಕ್ರೋಶಾ ಕಡ್ಡಿ ತೆಗೆದುಕೊಂಡು ಆ ಜ್ಯಾಮಿತಿಯ ಮೇಲ್ಮೈಯನ್ನು ಹೆಣೆದೇಬಿಟ್ಟರು. ಉಪಾಯ ಬಲು ಸರಳ. ಇಷ್ಟು ಕುಣಿಕೆಗೆ ಒಂದು ಹೆಚ್ಚು ಎಂದು ಲೆಕ್ಕ ಹಿಡಿದು, ಸಾಲು ಸಾಲಿಗೂ ಅದನ್ನು ತಪ್ಪದೆ ಹೆಚ್ಚಿಸುತ್ತ ಹೋಗುವುದು. ಅಂಚು ಬೆಳೆಯುವ ವೇಗಕ್ಕೆ ಚಪ್ಪಟೆಯಾಗಿ ಹರಡಲು ಜಾಗ ಸಾಲದೆ ಬಟ್ಟೆ ಅಲೆಅಲೆಯಾಗಿ ಎದ್ದು ನಿಲ್ಲುತ್ತದೆ. ಅದನ್ನು ಮಡಿಸಿದರೆ ಮಡಿಕೆಯೇ ಸರಳರೇಖೆ. ಒಂದೇ ಬಿಂದುವಿನಲ್ಲಿ ಹಾದುಹೋಗುವ ನಾಲ್ಕಾರು ಮಡಿಕೆಗಳು ಕೆಳಗಿನ ಇನ್ನೊಂದು ಮಡಿಕೆಯನ್ನು ಎಲ್ಲೂ ಮುಟ್ಟದೆ ಸಾಗುವುದನ್ನು ಬೆರಳಿನಿಂದಲೇ ಸವರಿ ನೋಡಬಹುದು.

ನಾನೂ ಒಂದನ್ನು ಹೆಣೆದೆ. ಅಂಗೈಯಗಲ ಆಗುವಷ್ಟರಲ್ಲಿ ಅದು ಥೇಟು ಹಿತ್ತಲಿನ ಕೋಳಿಜುಟ್ಟಿನ ಹೂವಾಗಿ ನಿಂತಿತು. ಮೊಮ್ಮಗಳು ಬಂದು ಕಿವಿಗೆ ಸಿಕ್ಕಿಸಿಕೊಂಡು ಹೋದಳು, ಜ್ಯಾಮಿತಿಯ ಗೊಡವೆ ಅವಳಿಗಿಲ್ಲ.

ಕ್ರೋಶಾದ ಬಗ್ಗೆ ಇನ್ನೊಂದು ಮಾತು. ಕಾಲುಚೀಲ ಹೆಣೆಯುವ ಯಂತ್ರವನ್ನು ಇಂಗ್ಲೆಂಡಿನ ವಿಲಿಯಂ ಲೀ 1589ರಷ್ಟು ಹಿಂದೆಯೇ ಮಾಡಿದ. ನಮ್ಮ ಬನಿಯನ್ನು ಅದರ ಮರಿಮಕ್ಕಳ ಕೆಲಸ. ಕ್ರೋಶಾ ಮಾತ್ರ ಇವತ್ತಿಗೂ ಕಾರ್ಖಾನೆಗೆ ದಕ್ಕಿಲ್ಲ. ಬಜಾರಿನಲ್ಲಿ ಇನ್ನೂರು ರೂಪಾಯಿಗೆ ಸಿಗುವ ನಿಜವಾದ ಕ್ರೋಶಾ ಟೊಪ್ಪಿಗೆಯ ಹಿಂದೆ ಎಲ್ಲೋ ಒಬ್ಬರ ಬೆರಳು ಒಂದೊಂದು ಕುಣಿಕೆಯನ್ನೂ ಎಳೆದಿರುತ್ತದೆ. ಆ ಇನ್ನೂರರಲ್ಲಿ ಅವರಿಗೆ ಎಷ್ಟು ದಕ್ಕಿತೋ ಎಂದು ಯೋಚಿಸಿದ ಮೇಲೆ ಚೌಕಾಸಿಗೆ ನಾಲಗೆ ಏಳುವುದಿಲ್ಲ.

ಇತ್ತೀಚೆಗೆ ಕಸೂತಿಗೆ ಕೈ ಹಾಕಿದ್ದೇನೆ. ಗುರು, ಧಾರವಾಡದ ಕಾಕು. ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಲು ಹೋದರೆ ಕೈ ತಡೆದು, "ಗೆರಿ ಯಾಕ ಹೊಡೀತಿ? ಬಟ್ಟಿ ನೋಡಬ್ಯಾಡ, ಎಳಿ ನೋಡು" ಎಂದರು. ಕಸೂತಿಯಲ್ಲಿ ಎಳೆ ಎಣಿಸುವುದೇ ನಕ್ಷೆ. ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ತುಂಬುತ್ತದೆ, ಬರುವಾಗ ಬಿಟ್ಟದ್ದನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ. ಮುಗಿದಾಗ ಒಳಮೈ ಹೊರಮೈ ಎರಡೂ ಒಂದೇ.

ಹಾಗಿದ್ದರೆ ಗೋಪುರದಂಥ ಚಿತ್ರವನ್ನು, ಅದರ ಕವಲುಗಳನ್ನೆಲ್ಲ ಸುತ್ತಿ, ದಾರ ಕತ್ತರಿಸದೆ ಹೊರಟಲ್ಲಿಗೇ ಹೇಗೆ ಮರಳುವುದು? 1736ರಲ್ಲಿ ಇಂಥದೇ ಪ್ರಶ್ನೆ ಎತ್ತಿಕೊಂಡ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಪ್ರತಿಯೊಂದನ್ನೂ ಒಂದೊಂದೇ ಸಲ ದಾಟಿ ಊರು ಸುತ್ತಲಾಗದು ಎಂದು ತೋರಿಸಿದ. ಎರಡೆರಡು ಸಲ ದಾಟಬಹುದೆಂದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ತುಂಡಾಗದ ಯಾವ ಚಿತ್ರವನ್ನಾದರೂ ಎಲ್ಲಿಂದಲಾದರೂ ಹೊರಟು ಸುತ್ತಿ ಬರಬಹುದು. ಗವಂತಿ ಪ್ರತಿ ಗೆರೆಯನ್ನೂ ಎರಡೆರಡು ಸಲವೇ ನಡೆಯುತ್ತದೆ, ಹೋಗುವಾಗೊಮ್ಮೆ, ಬರುವಾಗೊಮ್ಮೆ.

ಆಯ್ಲರನ ಸುದ್ದಿ ಎತ್ತದೆ ಕಾಕುವನ್ನು ಕೇಳಿದೆ, ಗೋಪುರವನ್ನು ಎಲ್ಲಿಂದ ಶುರು ಮಾಡಬೇಕು ಎಂದು.

"ಎಲ್ಲಿಂದರ ಮಾಡು, ಅಲ್ಲೇ ಬರ್ತೀ" ಎಂದು ಸೂಜಿ ನನ್ನ ಕೈಗೆ ಕೊಟ್ಟು ಒಳಗೆ ಚಹಾ ಇಡಲು ಹೋದರು. ಕಳಸದಿಂದ ಶುರು ಮಾಡಿದೆ. ಎರಡನೆಯ ಅಂತಸ್ತಿನವರೆಗೆ ಬಂದಿದೆ; ಮುಂದಿನ ಕವಲಿನಲ್ಲಿ ಮೊದಲು ಎಡಕ್ಕೆ ಹೋಗುವುದೋ ಬಲಕ್ಕೋ ಎಂದು ಎಳೆ ಎಣಿಸುತ್ತಿದ್ದೇನೆ.